ಆ ಟ್ರ್ಯಾಕರ್ ಹೆಸರೇನು ಸಾರ್?

ಮೊನ್ನೆ ಭಾನುವಾರ ನಮ್ಮೂರಿನ ಸಭಾಂಗಣವೊಂದರಲ್ಲಿ ಸ್ಲೈಡ್ ಶೋ ಇತ್ತು. ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಖಾಸಗಿ ಕಾಡುಗಳಲ್ಲಿ ಹದಿನೈದು ದಿನ ಸುತ್ತಿ ಬಂದ ಫೋಟೋಗ್ರಾಫರ್ ಒಬ್ಬರದ್ದು. ಆಫೀಸಿನ ಗೆಳೆಯ ಕರೆದ, ಹೋದೆ. ಫೋಟೋಗಳು ಚೆನ್ನಾಗಿದ್ದವು, ಸುಳ್ಳು ಯಾಕೆ ಹೇಳಲಿ. ಮರದ ಕವಲಲ್ಲಿ ಬೇಟೆ ಸಿಕ್ಕಿಸಿಕೊಂಡು ಕೂತ ಚಿರತೆ, ಒಣಹುಲ್ಲಿನ ಬಣ್ಣದಲ್ಲೇ ಕರಗಿಹೋದ ಸಿಂಹಿಣಿ, ಸಂಜೆಗೆಂಪಲ್ಲಿ ನೀರಿಗಿಳಿದ ಆನೆ ಹಿಂಡು. ಪ್ರತಿ ಫೋಟೋದ ಕೆಳಗೂ ಕ್ಯಾಮೆರಾ ಯಾವುದು, ಲೆನ್ಸ್ ಯಾವುದು, ಶಟರ್ ಎಷ್ಟು, ಎಲ್ಲ ಬರೆದಿತ್ತು.

ಒಂದು ಫೋಟೋದಲ್ಲಿ ಮಾತ್ರ ಪ್ರಾಣಿ ಇರಲಿಲ್ಲ. ತೆರೆದ ಜೀಪಿನ ಬಾನೆಟ್ ತುದಿಗೆ ಒಂದು ಪುಟ್ಟ ಸೀಟು ಕಟ್ಟಿದ್ದಾರೆ. ಅದರ ಮೇಲೆ ಒಬ್ಬ ಕಪ್ಪು ಮನುಷ್ಯ, ನಮ್ಮ ಕಡೆಗೆ ಬೆನ್ನು ಹಾಕಿ, ನೆಲ ನೋಡ್ತಾ ಕೂತಿದ್ದಾನೆ. ಸಿಂಹ ಬಂದರೆ ಮೊದಲು ಸಿಗೋನು ಅವನೇ. ಫೋಟೋಗ್ರಾಫರ್ ಹೇಳಿದ್ರು: "ಇವರು ನಮ್ಮ ಟ್ರ್ಯಾಕರ್. ನಾವು ತೆಗೆದ ಅರ್ಧ ಫೋಟೋ ಇವರಿಂದಾನೇ. ಮಣ್ಣು ನೋಡಿ ಸಿಂಹ ಎಲ್ಲಿದೆ ಹೇಳ್ತಾರೆ. ಇವರಿಗೆ ಇದೆಲ್ಲ ರಕ್ತದಲ್ಲೇ ಬಂದಿರುತ್ತೆ. ನಾವು ನೀವು ಎಷ್ಟು ಓದಿದ್ರೂ ಬರಲ್ಲ."

ಸಭೆ ಚಪ್ಪಾಳೆ ತಟ್ಟಿತು. ಪ್ರಶ್ನೆ ಕೇಳೋ ಹೊತ್ತು ಬಂದಾಗ ನಾನು ಎದ್ದು ಕೇಳಿದೆ, "ಆ ಟ್ರ್ಯಾಕರ್ ಹೆಸರೇನು ಸಾರ್?"

ಅವರು ಒಂದು ನಿಮಿಷ ಯೋಚಿಸಿದ್ರು. "ಏನೋ ಉದ್ದ ಹೆಸರು, ನಾಲಿಗೆ ತಿರುಗಲ್ಲ" ಅಂದ್ರು. ಜನ ನಕ್ಕರು. ಮುಂದಿನ ಪ್ರಶ್ನೆ ಲೆನ್ಸ್ ಬೆಲೆ ಬಗ್ಗೆ.

ಗೆಳೆಯರೇ, ಆ ಮನುಷ್ಯ ಕೆಟ್ಟವರಲ್ಲ. ಹೊಗಳೋಕೇ ಹೇಳಿದ್ದು. ಆದರೆ ಈ "ರಕ್ತದಲ್ಲೇ ಬಂದಿದೆ" ಅನ್ನೋ ಮಾತಿದೆಯಲ್ಲ, ಅದು ನಮಗೆ ಹೊಸದಾ? ನಮ್ಮ ಕೇರಿ ಹುಡುಗರು ತಮಟೆ ಬಾರಿಸಿದರೆ "ನಿಮ್ಮವರಿಗೆ ಹುಟ್ಟಿನಿಂದಲೇ ಬಂದಿರುತ್ತೆ ಬಿಡಿ" ಅಂತಾರೆ. ಆ ಹುಡುಗ ಅಪ್ಪನ ಹತ್ತಿರ ಏಟು ತಿಂದು, ಕೈ ಊದಿಸಿಕೊಂಡು, ಐದಾರು ವರ್ಷ ಕಲಿತದ್ದು ಒಂದೇ ಮಾತಲ್ಲಿ ಮಾಯ. ಕಲಿತ ವಿದ್ಯೆಗೆ ಸಂಬಳ ಕೊಡಬೇಕು, ಹೆಸರು ಕೊಡಬೇಕು, ಪದವಿ ಕೊಡಬೇಕು. ಹುಟ್ಟಿನಿಂದ ಬಂದದ್ದಕ್ಕೆ ಏನೂ ಕೊಡಬೇಕಿಲ್ಲ, ಎರಡು ಚಪ್ಪಾಳೆ ಸಾಕು. ಬಾಬಾಸಾಹೇಬರು 1936ರಲ್ಲಿ, ಅವರಿಗೆ ಮಾಡಲು ಬಿಡದ ಆ ಲಾಹೋರ್ ಭಾಷಣದಲ್ಲಿ ಬಿಡಿಸಿಟ್ಟದ್ದು ಇದೇ ಮೋಸವನ್ನ. ಕೆಲಸವನ್ನು ಹುಟ್ಟಿಗೆ ಕಟ್ಟಿಹಾಕೋ ಮೋಸ. ಅದಕ್ಕೆ ಬೈಗುಳದ ರೂಪ ಇದ್ದಂತೆ ಹೊಗಳಿಕೆಯ ರೂಪವೂ ಇದೆ.

ಮನೆಗೆ ಬಂದು ನಿದ್ದೆ ಬರಲಿಲ್ಲ. ಅವತ್ತಿಂದ ಎರಡು ವಾರ, ಆಫೀಸು ಮುಗಿದ ಮೇಲೆ, ಮಗಳ ಲ್ಯಾಪ್‌ಟಾಪಲ್ಲಿ ಕೂತು ದಕ್ಷಿಣ ಆಫ್ರಿಕಾ, ಬೋಟ್ಸ್ವಾನ, ನಮೀಬಿಯಾ ಹುಲ್ಲುಗಾಡುಗಳಲ್ಲಿ ನಡೆದ ಸಂಶೋಧನೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನನ್ನದು ಬಿ.ಎ. ಇಂಗ್ಲಿಷು, ನಿಘಂಟು ಪಕ್ಕದಲ್ಲೇ ಇತ್ತು. ಓದಿದ್ದನ್ನು ಇಲ್ಲಿ ಹಾಕ್ತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು, ಆ ಬಾನೆಟ್ ಮೇಲೆ ಕೂತವನು ನೆಲದಲ್ಲಿ ಏನು ನೋಡ್ತಾನೆ? ಚಿರತೆ ನಡೆದರೆ ಉಗುರಿನ ಗುರುತು ಬೀಳಲ್ಲ, ಒಳಗೆ ಮಡಚಿಕೊಂಡಿರುತ್ತೆ. ಚೀತಾ ನಡೆದರೆ ಉಗುರು ಮೂಡುತ್ತೆ, ಯಾಕಂದ್ರೆ ಅದು ಪೂರ್ತಿ ಒಳಗೆ ಹೋಗಲ್ಲ. ಕತ್ತೆಕಿರುಬದ್ದೂ ಉಗುರು ಕಾಣುತ್ತೆ, ಆದರೆ ಅಂಗಾಲಿನ ಆಕಾರವೇ ಬೇರೆ. ಆನೆಯ ಮುಂಗಾಲು ದುಂಡಗೆ, ಹಿಂಗಾಲು ಮೊಟ್ಟೆಯಾಕಾರ. ಆನೆ ಅಂಗಾಲಿನ ಬಿರುಕುಗಳು ನಮ್ಮ ಹೆಬ್ಬೆಟ್ಟಿನ ಗೆರೆ ಇದ್ದಂತೆ, ಒಂದರದ್ದು ಇನ್ನೊಂದಕ್ಕಿರಲ್ಲ. ಕಪ್ಪು ಘೇಂಡಾಮೃಗ ಪೊದೆ ಕೊಂಬೆಗಳನ್ನು ತಿನ್ನೋದು, ಅದರ ಲದ್ದಿಯಲ್ಲಿ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದಂಥ ಕಡ್ಡಿ ಚೂರುಗಳು ಸಿಗ್ತವೆ. ಬಿಳಿ ಘೇಂಡಾಮೃಗ ಹುಲ್ಲು ಮೇಯೋದು, ಲದ್ದಿಯಲ್ಲಿ ಬರೀ ಹುಲ್ಲು.

ಇದಿಷ್ಟು ಅಕ್ಷರಮಾಲೆ. ಆಮೇಲೆ ಓದು ಶುರು. ಹೆಜ್ಜೆ ಎಷ್ಟು ಹೊತ್ತಿನದು? ಇರುಳಲ್ಲಿ ಓಡಾಡೋ ಹುಳದ ಗೆರೆ ಹೆಜ್ಜೆಯ ಮೇಲೆ ಹಾದಿದ್ದರೆ, ಪ್ರಾಣಿ ಹೋದದ್ದು ಹುಳಕ್ಕಿಂತ ಮೊದಲು. ಹುಳದ ಗೆರೆಯನ್ನು ಹೆಜ್ಜೆ ತುಳಿದಿದ್ದರೆ ಆಮೇಲೆ. ಇಬ್ಬನಿ ಹನಿಯ ಗುಳಿ ಹೆಜ್ಜೆಯೊಳಗಿದೆಯಾ, ಇಲ್ಲವಾ? ಗಾಳಿಗೆ ಅಂಚು ಎಷ್ಟು ಉದುರಿದೆ? ಸಿಂಹ ಮಲಗಿದ್ದ ಜಾಗ ಈಗ ಬಿಸಿಲಲ್ಲಿದ್ದರೆ, ನೆರಳು ಅಲ್ಲಿ ಬಿದ್ದಿದ್ದ ಹೊತ್ತು ಯಾವುದು? ಅದೇ ಸಿಂಹ ಅಲ್ಲಿದ್ದ ಹೊತ್ತು. ಹೆಜ್ಜೆ ಕಲ್ಲುನೆಲದಲ್ಲಿ ಕಳೆದುಹೋದರೆ ಟ್ರ್ಯಾಕರ್ ಸುಮ್ಮನೆ ನಿಲ್ಲಲ್ಲ. ಈ ಪ್ರಾಣಿಗೆ ಈಗ ಬಾಯಾರಿದೆ, ನೀರು ಆ ಕಡೆ ಇದೆ, ಗಾಳಿ ಈ ಕಡೆಯಿಂದ ಬೀಸ್ತಿದೆ, ಹಾಗಾದರೆ ಇದು ಇಂಥ ಕಡೆ ಹೋಗಿರಬೇಕು ಅಂತ ಊಹಿಸಿ, ಮುಂದೆ ಹೋಗಿ ಹುಡುಕ್ತಾನೆ. ಹೆಜ್ಜೆ ಸಿಕ್ಕರೆ ಊಹೆ ಸರಿ. ಸಿಗದಿದ್ದರೆ ವಾಪಸ್ ಬಂದು ಬೇರೆ ಊಹೆ. ಇದಕ್ಕೆ ವಿಜ್ಞಾನ ಅಂತ ಹೆಸರಲ್ಲದೆ ಇನ್ನೇನ್ರಿ?

ಇದನ್ನು ನಾನೊಬ್ಬ ಗುಮಾಸ್ತ ಹೇಳ್ತಿರೋದಲ್ಲ. ದಕ್ಷಿಣ ಆಫ್ರಿಕಾದ ಲೂಯಿ ಲೀಬೆನ್‌ಬರ್ಗ್ ಅನ್ನೋರು ಕಲಹಾರಿಯ ಸ್ಯಾನ್ ಬೇಟೆಗಾರರ ಜೊತೆ ಓಡಿ, ನಡೆದು, 1990ರಲ್ಲೇ ಪುಸ್ತಕ ಬರೆದರು. ಜಾಡು ಹಿಡಿಯೋದೇ ವಿಜ್ಞಾನದ ಮೂಲ ಅನ್ನೋದು ಅವರ ವಾದ. ವಾದ ಒಪ್ಪಿ, ಬಿಡಿ. ಅದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು 1994ರಲ್ಲಿ ಅವರೂ ವಿಲ್ಸನ್ ಮಾಸಿಯಾ ಅನ್ನೋ ಶಂಗಾನ್ ಟ್ರ್ಯಾಕರೂ ಸೇರಿ ಥಾರ್ನಿಬುಶ್ ಅನ್ನೋ ಕಾಡಲ್ಲಿ ಶುರು ಮಾಡಿದ ಪರೀಕ್ಷೆ. ನೆಲದ ಮೇಲಿನ ಗುರುತು ತೋರಿಸಿ ಕೇಳ್ತಾರೆ: ಇದು ಯಾರದ್ದು, ಯಾವ ಕಾಲು, ಏನು ಮಾಡ್ತಿತ್ತು? ಅಂಕ ಕೊಡ್ತಾರೆ, ದರ್ಜೆ ಕೊಡ್ತಾರೆ. ಸೀನಿಯರ್ ಟ್ರ್ಯಾಕರ್, ಮಾಸ್ಟರ್ ಟ್ರ್ಯಾಕರ್ ಅಂತ. ತಪ್ಪಿದವರಿಗೆ ದರ್ಜೆ ಇಲ್ಲ.

ಈ ಫೇಲ್ ಆಗೋದು ಇದೆಯಲ್ಲ, ಅದು ಬಹಳ ದೊಡ್ಡ ಮಾತು. ರಕ್ತದಲ್ಲಿ ಬಂದದ್ದಾಗಿದ್ದರೆ ಅದೇ ಊರಿನ, ಅದೇ ಕುಲದ ಹುಡುಗ ಫೇಲ್ ಹೇಗಾಗ್ತಾನೆ? ಚೆನ್ನಾಗಿ ಕಲಿತವನು ಪಾಸು, ಕಲಿಯದವನು ಫೇಲು. ಹಾಗಾದರೆ ಅದು ಶಾಲೆ. ಚಾವಣಿ ಇಲ್ಲ ಅಷ್ಟೇ.

ಇನ್ನು 1997ರ ಒಂದು ಲೇಖನ. ಲಂಡನ್ನಿಂದ ಬರುವ ಪ್ರಾಣಿಶಾಸ್ತ್ರದ ಪತ್ರಿಕೆಯಲ್ಲಿ ಬಂದದ್ದು. ಫ್ಲಿಪ್ ಸ್ಟ್ಯಾಂಡರ್ ಅನ್ನೋ ವಿಜ್ಞಾನಿ ನಮೀಬಿಯಾದ ಈಶಾನ್ಯದ ಹುಲ್ಲುಗಾಡಲ್ಲಿ ಸಿಂಹ, ಚಿರತೆಗಳ ಅಧ್ಯಯನ ಮಾಡ್ತಿದ್ದರು. ಜೊತೆಗೆ ನಾಲ್ಕು ಜನ ಜು-ಹ್ವಾನ್ ಬೇಟೆಗಾರರು. (ಸ್ಯಾನ್ ಅನ್ನೋದು ಹಲವು ಸಮುದಾಯಗಳಿಗೆ ಒಟ್ಟು ಹೆಸರು, ಜು-ಹ್ವಾನ್ ಅದರಲ್ಲಿ ಒಂದು.) ಸ್ಟ್ಯಾಂಡರ್ ಮಾಡಿದ್ದೇನು? ಅವರನ್ನು ಪರೀಕ್ಷೆಗೆ ಹಚ್ಚಿದರು. ಉತ್ತರ ಮೊದಲೇ ಗೊತ್ತಿರೋ ಹೆಜ್ಜೆಗಳನ್ನು ಅವರ ಕೈಲಿ ಓದಿಸಿದರು. 569 ಸಲ ಪರೀಕ್ಷಿಸಿದಾಗ ಶೇಕಡಾ 98 ಸರಿ. ನಮ್ಮ ಆಫೀಸಿನ ಗಣಕಯಂತ್ರದ ಪಹಣಿಗಳಲ್ಲಿ ಶೇಕಡಾ 98 ಸರಿ ಇದ್ದಿದ್ದರೆ ನಮ್ಮ ಮುಂದೆ ಅಷ್ಟುದ್ದ ಕ್ಯೂ ಯಾಕಿರ್ತಿತ್ತು ಹೇಳಿ.

ಅಂಕಿ ಇರಲಿ. ನಾನು ಆ ಲೇಖನದ ಮೊದಲ ಪುಟ ನೋಡಿ ಕೂತುಬಿಟ್ಟೆ. ಲೇಖಕರ ಹೆಸರಿನ ಸಾಲಿನಲ್ಲಿ ಸ್ಟ್ಯಾಂಡರ್ ಒಬ್ಬರೇ ಇಲ್ಲ. ಘಾವ್, ತ್ಸಿಸಾಬ, ಓಮಾ, ಉಯಿ. ನಾಲ್ಕೂ ಜನರ ಹೆಸರು ಇದೆ. ಈ ಹೆಸರುಗಳಲ್ಲಿ ನಾಲಿಗೆ ಚಟಕ್ ಅನ್ನಿಸೋ ಸದ್ದುಗಳಿವೆ, ಅದಕ್ಕೆ ನಮ್ಮ ಲಿಪಿಯಲ್ಲಿ ಅಕ್ಷರ ಇಲ್ಲ. ಇಂಗ್ಲಿಷಿನಲ್ಲೂ ಇಲ್ಲ. ಅವರು ಅಡ್ಡಗೆರೆ, ಉದ್ದಗೆರೆ ಹಾಕಿ ಹೇಗೋ ಅಚ್ಚು ಮಾಡಿದ್ದಾರೆ. ನಾಲಿಗೆ ತಿರುಗದಿದ್ದರೂ ಅಚ್ಚಿನ ಮೊಳೆ ತಿರುಗಿದೆ. ಮನಸ್ಸಿದ್ದರೆ ತಿರುಗುತ್ತೆ.

ಇಲ್ಲಿ ನನ್ನ ಸ್ವಂತದ್ದು ಸ್ವಲ್ಪ ಹೇಳಬೇಕು. ನಮ್ಮ ತಾತ ಊರಿನ ಕುಳವಾಡಿ. ಹಳೇ ಮೈಸೂರಿನ ಕಡೆಯವರಿಗೆ ಗೊತ್ತು, ಹೊಲೇರ ಕುಳವಾಡಿ ಅಂದರೆ ಊರಿನ ಚಾಕರಿಯವನು, ಆದರೆ ಎರಡು ಊರಿನ ನಡುವೆ ಗಡಿ ಜಗಳ ಬಂದಾಗ ಅವನ ಮಾತೇ ಕೊನೆ. ಊರ ಮಣ್ಣಿನ ಉಂಡೆ ತಲೆ ಮೇಲಿಟ್ಟುಕೊಂಡು ಗಡಿ ನಡೆದು ತೋರಿಸಬೇಕು. ಸುಳ್ಳು ನಡೆದರೆ ಉಂಡೆ ಒಡೆಯುತ್ತೆ ಅನ್ನೋ ನಂಬಿಕೆ. ಯಾವ ಹುಣಸೆಮರ, ಯಾವ ಹಳ್ಳ, ಯಾವ ಕಲ್ಲು, ಎಲ್ಲ ತಾತನ ಕಾಲಲ್ಲಿತ್ತು ಅಂತ ಅಪ್ಪ ಹೇಳೋರು. ನನಗೆ ಗುಮಾಸ್ತೆ ಕೆಲಸ ಸಿಕ್ಕ ಮೇಲೆ ಒಂದು ದಿನ ನಮ್ಮೂರಿನ ಹಳೇ ನಕ್ಷೆ, ಟಿಪ್ಪಣಿ ತೆಗೆಸಿ ನೋಡಿದೆ. ಅಳೆದವರ ಸಹಿ ಇದೆ, ತಾಳೆ ನೋಡಿದವರ ಸಹಿ ಇದೆ, ಶ್ಯಾನುಭೋಗರ ಹೆಸರಿದೆ. ಗಡಿ ನಡೆದು ತೋರಿಸಿದವನ ಜಾಗದಲ್ಲಿ "ಕುಳವಾಡಿ" ಅಂತಷ್ಟೇ ಇದೆ. ಹೆಸರಿಲ್ಲ. ನನ್ನ ತಾತನ ಹೆಸರು ಸರ್ಕಾರಿ ಕಾಗದದಲ್ಲಿ ಒಂದೇ ಒಂದು ಕಡೆ ಸಿಕ್ಕಿತು, ಸಾಲದ ಪಟ್ಟಿಯಲ್ಲಿ.

ಅದಕ್ಕೇ ಆ ನಾಲ್ಕು ಹೆಸರು ನೋಡಿ ನನ್ನ ಕಣ್ಣು ತುಂಬಿದ್ದು. ಇದನ್ನ ಯಾರಾದರೂ ಭಾವುಕತೆ ಅಂದರೆ ಅನ್ನಲಿ.

ಅದೇ ಹೊತ್ತಿಗೆ, ಕರೂ ಅನ್ನೋ ಒಣನಾಡಲ್ಲಿ ಕಪ್ಪು ಘೇಂಡಾಮೃಗದ ಬೆನ್ನು ಹತ್ತಿ ದಿನಗಟ್ಟಲೆ ನಡೆದು ಅದು ಏನು ತಿಂತು, ಎಲ್ಲಿ ತಿಂತು ಅಂತ ದಾಖಲಿಸಿದವರು ಕರೆಲ್ ಬೆನಾಡಿ ಮತ್ತು ಜೇಮ್ಸ್ ಮಿನ್ಯೆ. ಓದು ಬರಹ ಬಾರದವರಿಗೂ ಆಗಲಿ ಅಂತ ಲೀಬೆನ್‌ಬರ್ಗ್ ಕೈಯಲ್ಲಿ ಹಿಡಿಯೋ ಪುಟ್ಟ ಕಂಪ್ಯೂಟರಿಗೆ ಚಿತ್ರಗಳ ತಂತ್ರಾಂಶ ಮಾಡಿಸಿದ್ದರು, ಸೈಬರ್‌ಟ್ರ್ಯಾಕರ್ ಅಂತ ಹೆಸರು. ಘೇಂಡಾಮೃಗದ ಚಿತ್ರ ಒತ್ತು, ಗಿಡದ ಚಿತ್ರ ಒತ್ತು, ಜಾಗವನ್ನು ಉಪಗ್ರಹ ಗುರುತಿಸಿಕೊಳ್ಳುತ್ತೆ. ಅದು ಆಮೇಲೆ ಕ್ರೂಗರ್ ಕಾಡಿನ ಕಾವಲುಗಾರರ ಕೈಗೂ ಬಂತು, ಬೇರೆ ದೇಶಗಳಿಗೂ ಹೋಯಿತು. 1999ರಲ್ಲಿ ಬಂದ ಲೇಖನದಲ್ಲಿ ಬೆನಾಡಿ, ಮಿನ್ಯೆ ಇಬ್ಬರೂ ಲೇಖಕರು. ಅಕ್ಷರ ಬಾರದವರು ಲೇಖಕರಾಗಬಹುದಾ? ಆಗಬಹುದು, ಆಗಿದೆ. ಅಕ್ಷರ ಬೇರೆ, ಅರಿವು ಬೇರೆ ಅಂತ ನಮ್ಮ ಅಜ್ಜಿಯಂದಿರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇನ್ನೊಂದು ಕಥೆ ಕೇಳಿ. ಬಿಬಿಸಿಯ 'ದಿ ಲೈಫ್ ಆಫ್ ಮ್ಯಾಮಲ್ಸ್' ಸರಣಿಯ ಒಂದು ತುಣುಕು ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಸುತ್ತುತ್ತಿರುತ್ತೆ. ಕಲಹಾರಿಯಲ್ಲಿ ಒಬ್ಬ ಮನುಷ್ಯ ಸುಡುಬಿಸಿಲಲ್ಲಿ ಗಂಟೆಗಟ್ಟಲೆ ಓಡಿ ಓಡಿ, ಕುಡು ಅನ್ನೋ ಸುರುಳಿಕೊಂಬಿನ ದೊಡ್ಡ ಪ್ರಾಣಿಯನ್ನು ಸುಸ್ತು ಮಾಡಿಸಿ ಬೇಟೆಯಾಡ್ತಾನೆ. ಆ ಓಟಗಾರನ ಹೆಸರು ಕರೋಹಾ. ನೋಡಿದವರೆಲ್ಲ "ಆದಿಮಾನವ ಹೀಗೇ ಇದ್ದ" ಅಂತ ಬರೀತಾರೆ. ಆದಿಮಾನವ ಅಂತೆ! ಆ ಆದಿಮಾನವ ಏನು ಮಾಡಿದ ಗೊತ್ತಾ? ವಿಜ್ಞಾನದ ಲೇಖನಕ್ಕೆ ಲೇಖಕನಾದ. ಡೆರೆಕ್ ಕೀಪಿಂಗ್ ಅನ್ನೋ ಸಂಶೋಧಕರ ಜೊತೆಗಿನ ಹೆಸರುಗಳಲ್ಲಿ ಕರೋಹಾ ಲಾಂಗ್ವಾನೆ ಇದೆ, ಲೀಬೆನ್‌ಬರ್ಗ್‌ಗೆ ಜಾಡು ಕಲಿಸಿದ ನಾಟೆ ಬ್ರಾಹ್ಮನ್ ಇದೆ. (ಹೌದು, ಹೆಸರಿನ ಕೊನೆ ಹಾಗೇ ಇದೆ. ನಾನೂ ಎರಡು ಸಲ ಓದಿ ನಕ್ಕೆ. ನಮ್ಮ ಬ್ರಾಹ್ಮಣಿಕೆಗೂ ಅದಕ್ಕೂ ಸಂಬಂಧ ಇಲ್ಲ.)

2018ರಲ್ಲಿ 'ಬಯಲಾಜಿಕಲ್ ಕನ್ಸರ್ವೇಶನ್' ಅನ್ನೋ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಕೀಪಿಂಗ್ ಮತ್ತು ಇತರರ ಲೇಖನವೊಂದು ಬಂತು, ಅದರ ಪ್ರಶ್ನೆ ಇದು: ಕಾಡುಪ್ರಾಣಿಗಳನ್ನು ಎಣಿಸೋದರಲ್ಲಿ ಟ್ರ್ಯಾಕರುಗಳು ವಿಮಾನದ ಎಣಿಕೆಯಷ್ಟೇ ಸಮರ್ಥರಾ? ಸಣ್ಣ ವಿಮಾನ ಹಾರಿಸಿ ಮೇಲಿಂದ ಎಣಿಸೋದು ವಾಡಿಕೆ, ಖರ್ಚು ವಿಪರೀತ. ಇರುಳಲ್ಲಿ ಓಡಾಡೋವು, ಪೊದೆಯಲ್ಲಿ ಅಡಗೋವು ಮೇಲಿಂದ ಕಾಣಲ್ಲ. ನೆಲ ಮಾತ್ರ ಎಲ್ಲರ ಲೆಕ್ಕ ಇಡುತ್ತೆ. ಇಷ್ಟು ಕಿಲೋಮೀಟರ್ ದಾರಿಯನ್ನು ಒಂದು ದಿನದಲ್ಲಿ ಎಷ್ಟು ಹೆಜ್ಜೆಸಾಲು ಹಾದಿವೆ ಅಂತ ಎಣಿಸಬೇಕು. ಒಂದು ಪ್ರಾಣಿ ದಿನಕ್ಕೆ ಎಷ್ಟು ದೂರ ನಡೆಯುತ್ತೆ ಅಂತ ಗೊತ್ತಿರಬೇಕು. ಎರಡೂ ಸೇರಿಸಿ ಲೆಕ್ಕ ಹಾಕಿದರೆ ಆ ಜಾಗದಲ್ಲಿ ಎಷ್ಟು ಪ್ರಾಣಿ ಅಂತ ಬರುತ್ತೆ. ಹೆಚ್ಚು ನಡೆಯೋ ಪ್ರಾಣಿ ಹೆಚ್ಚು ಸಲ ದಾರಿ ದಾಟುತ್ತೆ ತಾನೆ, ಅದನ್ನು ಭಾಗಿಸಬೇಕು. ಸೂತ್ರ ರಷ್ಯಾದವರು ಹಿಮದ ಮೇಲಿನ ಹೆಜ್ಜೆಗೆ ಮಾಡಿದ್ದು, ಇವರು ಮರಳಿಗೆ ತಂದರು. ಸೂತ್ರ ಯಾರಾದರೂ ಹಾಕಬಹುದು. ಆದರೆ ಇದು ನಿನ್ನೆ ಸಂಜೆಯ ಹೆಜ್ಜೆಯೋ ಮೊನ್ನೆಯದೋ, ಇದು ಒಂದೇ ಪ್ರಾಣಿ ಎರಡು ಸಲ ದಾಟಿದ್ದೋ ಎರಡು ಪ್ರಾಣಿಯೋ ಅಂತ ಹೇಳೋರು ಯಾರು? ಅಲ್ಲಿ ತಪ್ಪಿದರೆ ಸೂತ್ರ ಕಸದಬುಟ್ಟಿಗೆ.

ಈಗ ನನ್ನ ಸಿಟ್ಟಿಗೆ ಬರ್ತೀನಿ. ಇಂಥ ಲೇಖನಗಳು ಎಷ್ಟು? ಬೆರಳೆಣಿಕೆ. ಆ ಹುಲ್ಲುಗಾಡುಗಳ ಮೇಲೆ ನೂರು ವರ್ಷದಿಂದ ಬಂದಿರೋ ಪುಸ್ತಕ, ಪ್ರಬಂಧ, ಪಿಎಚ್.ಡಿ.ಗಳ ರಾಶಿಯಲ್ಲಿ ಇವರು ಕೊನೇ ಪುಟದ ಕೃತಜ್ಞತೆಯಲ್ಲಿ ಇರ್ತಾರೆ, ಅದೂ ಹಲವು ಸಲ ಬರೀ "ನಮ್ಮ ಫೀಲ್ಡ್ ಸಿಬ್ಬಂದಿ" ಅಂತ. ಆಫೀಸಲ್ಲಿ ನನಗಿದು ದಿನದ ಊಟ. ಕರಡು ಬರೆಯೋನು ವಿಷಯ ನಿರ್ವಾಹಕ, ಕೆಳಗಿನ ಎಡಮೂಲೆಯಲ್ಲಿ ಒಂದು ಗೀಚು ಅವನದ್ದು. ಆದೇಶ ಹೊರಗೆ ಹೋಗುವಾಗ ಆ ಗೀಚು ಇರಲ್ಲ. ತಪ್ಪಾದ ದಿನ ಮಾತ್ರ ಕಡತ ಬಿಚ್ಚಿ ಆ ಗೀಚನ್ನೇ ಹುಡುಕ್ತಾರೆ!

ಮತ್ತೆ ಆ ಕಾಡುಗಳು "ಕಾಡು" ಆದದ್ದು ಹೇಗೆ? ಕ್ರೂಗರ್ ಕಾಡಿನ ದೊಡ್ಡ ವಸತಿ ಶಿಬಿರದ ಹೆಸರು ಸ್ಕುಕುಜಾ. ನಮ್ಮ ಫೋಟೋಗ್ರಾಫರೂ ಆ ಹೆಸರು ಹೇಳಿದ್ರು, ಅರ್ಥ ಹೇಳಲಿಲ್ಲ. ಅದು 1902ರಲ್ಲಿ ಅಲ್ಲಿಗೆ ವಾರ್ಡನ್ ಆಗಿ ಬಂದ ಸ್ಟೀವನ್‌ಸನ್-ಹ್ಯಾಮಿಲ್ಟನ್‌ಗೆ ಅಲ್ಲಿನ ಜನ ಇಟ್ಟ ಅಡ್ಡಹೆಸರು. ಗುಡಿಸಿ ಹಾಕೋನು ಅಂತ. ಏನನ್ನು ಗುಡಿಸಿದ? ಜನರನ್ನ. ಅಲ್ಲಿ ವಾಸ ಮಾಡ್ತಿದ್ದವರನ್ನು ಎಬ್ಬಿಸಿದ. ಎಬ್ಬಿಸಿಕೊಂಡವರು ಕೊಟ್ಟ ಹೆಸರನ್ನೇ ಬೋರ್ಡಿಗೆ ಹಾಕಿ ಪ್ರವಾಸಿಗಳಿಗೆ ರೂಮು ಕೊಡ್ತಿದ್ದಾರೆ. ಇಂಥ ತಮಾಷೆ ನಾನು ಬೇರೆಲ್ಲೂ ಓದಿಲ್ಲ.

1969ರಲ್ಲಿ ಅದೇ ಕ್ರೂಗರ್‌ನ ಉತ್ತರದ ತುದಿ ಪಫೂರಿಯಿಂದ ಮಕುಲೆಕೆ ಜನರನ್ನು ಎಬ್ಬಿಸಿದರು, ಸುಮಾರು 3,000 ಜನ. ಅವರ ಗುಡಿಸಲಿಗೆ ಅವರ ಕೈಯಿಂದಲೇ ಬೆಂಕಿ ಹಾಕಿಸಿದರು. ಅವರು ಬಿಡಲಿಲ್ಲ. ವರ್ಣಭೇದ ಹೋದ ಮೇಲೆ ಭೂಮಿ ಕೇಳಿ ಅರ್ಜಿ ಹಾಕಿ 1998ರಲ್ಲಿ ಸುಮಾರು 24,000 ಹೆಕ್ಟೇರ್ ವಾಪಸ್ ಪಡೆದರು. ಪಡೆದು ಏನು ಮಾಡಿದರು? ಕಾಡನ್ನು ಕಾಡಾಗಿಯೇ ಇಟ್ಟರು, ಒಡೆತನ ತಮ್ಮದು ಮಾಡಿಕೊಂಡರು. "ಜನ ಇದ್ದರೆ ಕಾಡು ಉಳಿಯಲ್ಲ" ಅಂತ ಟಿವಿಯಲ್ಲಿ ಗಂಟಲು ಹರ್ಕೊಳ್ಳೋರು ಇದೊಂದು ಓದಲಿ.

ನಮೀಬಿಯಾದ ಎಟೋಶಾ ಅಂದರೆ ವಿಜ್ಞಾನಿಗಳ ತವರು, ನೀರಿನ ಹೊಂಡಗಳ ಸುತ್ತ ಸಿಂಹ, ಆನೆಗಳ ಅಧ್ಯಯನ ಮಾಡದವರಿಲ್ಲ. ಅಲ್ಲಿದ್ದ ಹೈ-ಓಮ್ ಸ್ಯಾನ್ ಜನರನ್ನು 1954ರಲ್ಲಿ ಹೊರಡಿ ಅಂದರು. ಕೂಲಿಗೆ ಬೇಕಾದವರನ್ನು ಮಾತ್ರ ಉಳಿಸಿಕೊಂಡರು. ಒಡೆಯನಾಗಿ ಇರಬೇಡ, ಆಳಾಗಿ ಇರು. ಇದನ್ನು ಕನ್ನಡದಲ್ಲಿ ವಿವರಿಸಿ ಹೇಳಬೇಕಾ ನಿಮಗೆ?

ಬೋಟ್ಸ್ವಾನದ ಮಧ್ಯ ಕಲಹಾರಿ ಮೀಸಲು ಪ್ರದೇಶದ ಕಥೆ ಇನ್ನೂ ವಿಚಿತ್ರ. 1961ರಲ್ಲಿ ಅದನ್ನು ಮಾಡುವಾಗ ಅಲ್ಲಿನ ಸ್ಯಾನ್ ಜನ ಅಲ್ಲೇ ತಮ್ಮ ರೀತಿಯಲ್ಲಿ ಬದುಕಲಿ ಅನ್ನೋದೂ ಒಂದು ಉದ್ದೇಶ. 1997ರಲ್ಲಿ, ಮತ್ತೆ 2002ರಲ್ಲಿ ಅವರನ್ನೇ ಎಬ್ಬಿಸಿದರು, ನೀರು ನಿಲ್ಲಿಸಿದರು. ರಾಯ್ ಸೆಸಾನಾ ಮತ್ತವರ ಜೊತೆಗಾರರು ಕೋರ್ಟಿಗೆ ಹೋದರು. 2006ರ ಡಿಸೆಂಬರಲ್ಲಿ ಹೈಕೋರ್ಟು, ಎಬ್ಬಿಸಿದ್ದು ತಪ್ಪು ಅಂತ ತೀರ್ಪು ಕೊಟ್ಟಿತು. ಆಗ ಸರ್ಕಾರ ತೆಗೆದ ತಕರಾರು ಏನು ಗೊತ್ತಾ? ತೀರ್ಪು ಅರ್ಜಿಯಲ್ಲಿ ಹೆಸರಿದ್ದವರಿಗೆ ಮಾತ್ರ, ಮಿಕ್ಕವರು ಒಳಗೆ ಹೋಗಬೇಕಾದರೆ ಪರ್ಮಿಟ್ ತಗೊಳ್ಳಿ. ಕಾಗದದಲ್ಲಿ ಹೆಸರಿಲ್ಲದವನಿಗೆ ಅಪ್ಪನ ಊರಿಗೂ ಪರ್ಮಿಟ್. ಹೆಸರು ಹೆಸರು ಅಂತ ನಾನು ಯಾಕೆ ಇಷ್ಟು ಬಡ್ಕೊಳ್ತಿದ್ದೀನಿ ಈಗ ಗೊತ್ತಾಯ್ತಾ? ಕುಡಿಯೋ ನೀರಿನ ಬೋರ್‌ವೆಲ್‌ಗೂ 2011ರ ತನಕ ಕೋರ್ಟಿಗೆ ಅಲೆದಾಡಿದರು. 2014ರಲ್ಲಿ ಬೇಟೆ ನಿಷೇಧ ಬಂತು. ಬೇಟೆ ನಿಂತರೆ ಜಾಡು ಕಲಿಯೋ ಶಾಲೆ ಮುಚ್ಚಿದಂತೆ. ಹುಡುಗ ಯಾವುದರ ಹಿಂದೆ ನಡೆದು ಕಲೀಬೇಕು? ರಕ್ತದಲ್ಲಿ ಬಂದದ್ದಾದರೆ ಯಾವ ಭಯವೂ ಇಲ್ಲ, ಅದು ಎಲ್ಲಿಗೂ ಹೋಗಲ್ಲ. ವಿದ್ಯೆ ಆದ್ದರಿಂದಲೇ ಎರಡು ತಲೆಮಾರಲ್ಲಿ ಸಾಯುತ್ತೆ.

ಇಲ್ಲಿ ನಮ್ಮ ಗೆಳೆಯರಿಗೂ ಒಂದು ಮಾತು. ಇದನ್ನು ಬರೀ ಬಿಳಿಯರು-ಕರಿಯರು ಲೆಕ್ಕದಲ್ಲಿ ಓದಬೇಡಿ. ಸ್ಯಾನ್ ಜನರನ್ನು ಗುಡಿಸಿದ ಬೋಟ್ಸ್ವಾನ ಸರ್ಕಾರ ಬಿಳಿಯರದ್ದಲ್ಲ, ಅಲ್ಲಿನ ಬಹುಸಂಖ್ಯಾತ ತ್ಸ್ವಾನ ಜನರದ್ದು. ಬಿಳಿಯರು ಬೇರೂರೋ ಮೊದಲಿಂದಲೂ ತ್ಸ್ವಾನ ದನಗಳ ಒಡೆಯರ ಬಳಿ ಸ್ಯಾನ್ ಜನ ಬೋಲಾಟ ಅನ್ನೋ ಪದ್ಧತಿಯಲ್ಲಿ ಜೀತಕ್ಕಿದ್ದರು. ಅಪ್ಪ ಜೀತಗಾರನಾದರೆ ಮಗನೂ ಜೀತಗಾರ. 1930ರ ದಶಕದಲ್ಲಿ ಬ್ರಿಟಿಷರು ವಿಚಾರಣೆ ಮಾಡಿಸಬೇಕಾಯ್ತು. ಇದನ್ನು ಓದುವಾಗ ನನಗೆ ಬೇರೆ ದೇಶ ಅನ್ನಿಸಲೇ ಇಲ್ಲ. ಸ್ವಾತಂತ್ರ್ಯ ಬಂದ ಮೇಲೂ ಯಾರಿಗೆ ಬಂತು ಅಂತ ಕೇಳೋ ಜನ ಅಲ್ಲೂ ಇದ್ದಾರೆ.

ಮತ್ತೆ ನಮ್ಮಲ್ಲೇ ಕೆಲವರು ಸ್ಯಾನ್ ಜನರ ಫೋಟೋ ಹಾಕಿ "ಪ್ರಕೃತಿಯ ಮುಗ್ಧ ಮಕ್ಕಳು" ಅಂತ ಬರೀತೀರಲ್ಲ, ದಯವಿಟ್ಟು ನಿಲ್ಲಿಸಿ. ಫೋಟೋಗ್ರಾಫರ್ ರಕ್ತ ಅಂದ, ನೀವು ಪ್ರಕೃತಿ ಅಂದ್ರಿ, ವ್ಯತ್ಯಾಸ ಏನು? ಮುಗ್ಧರಲ್ಲ ಅವರು. ಕೋರ್ಟಿಗೆ ಹೋಗೋದು ಗೊತ್ತು, ವಿಮಾನದ ಎಣಿಕೆ ಜೊತೆ ತಮ್ಮ ಎಣಿಕೆ ತೂಗಿ ನೋಡೋದು ಗೊತ್ತು.

"ಹಾಗಾದರೆ ವಿಜ್ಞಾನಿ ಏನೂ ಮಾಡಿಲ್ವಾ?" ಅಂತ ಕಮೆಂಟ್ ಬರುತ್ತೆ, ಗೊತ್ತು. ಮಾಡಿದ್ದಾರೆ. ಕ್ರೂಗರ್‌ನಲ್ಲಿ 1954ರಿಂದ ಒಂದೊಂದು ತುಂಡು ನೆಲಕ್ಕೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಅಂತರದಲ್ಲಿ ಬೆಂಕಿ ಕೊಟ್ಟು, ಹುಲ್ಲು ಎಷ್ಟು ಮರ ಎಷ್ಟು ಅಂತ ಎಪ್ಪತ್ತು ವರ್ಷ ಬರೆದಿಟ್ಟಿದ್ದಾರೆ. ಅಂಥ ತಾಳ್ಮೆಗೆ ನಾನು ಕೈಮುಗಿದೆ. ಬೆಂಕಿ ಇಲ್ಲದೆ ಆ ಹುಲ್ಲುಗಾಡು ಹುಲ್ಲುಗಾಡಾಗಿ ಉಳಿಯಲ್ಲ ಅನ್ನೋದು ಈಗ ವಿಜ್ಞಾನದ ಪಾಠಪುಸ್ತಕದಲ್ಲಿದೆ. ಆದರೆ ಹುಲ್ಲಿಗೆ ಬೆಂಕಿ ಕೊಡ್ತಿದ್ದ ಜನರನ್ನು ಆಗ ಕಾಡು ಹಾಳು ಮಾಡೋರು ಅಂತ ಓಡಿಸಿದ್ದೂ ಇತಿಹಾಸದಲ್ಲಿದೆ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಇದನ್ನೇ ತರಗು ಬೆಂಕಿ ಅಂತಾರೆ. ಅದು ನಿಂತ ಮೇಲೆ ಲಂಟಾನ ನುಗ್ಗಿತು ಅಂತ ಅವರು ಹೇಳ್ತಾ ಬಂದರು, ಯಾರೂ ಕೇಳಲಿಲ್ಲ. ಕೊನೆಗೆ ಅವರಲ್ಲೇ ಸಿ. ಮಾದೇಗೌಡರು ಪಿಎಚ್.ಡಿ. ಮಾಡಿ ತಮ್ಮ ಜನರ ಬಗ್ಗೆ ತಾವೇ ಬರೆದರು.

ಬಿಳಿ ವಿಜ್ಞಾನಿಗಳಲ್ಲಿ ಮನುಷ್ಯರೂ ಇದ್ದಾರೆ. ಬಿಳಿ ಘೇಂಡಾಮೃಗ ಉಳಿಸಿದ್ದಕ್ಕೆ ಇಯಾನ್ ಪ್ಲೇಯರ್ ಜಗತ್ಪ್ರಸಿದ್ಧ. ತನಗೆ ಕಾಡು ಕಲಿಸಿದ ಗುರು ಮಗ್ಕುಬು ಂಟೊಂಬೆಲಾ ಅನ್ನೋ ಜುಲು ಕಾವಲುಗಾರ ಅಂತ ಆತ ಸಾಯೋ ತನಕ ಹೇಳಿದ, ಅವರ ಬಗ್ಗೆ ಪುಸ್ತಕವನ್ನೇ ಬರೆದ. ಒಳ್ಳೇದು. ಆದರೂ ಗುರುವಿನ ಹೆಸರು ಶಿಷ್ಯ ದೊಡ್ಡ ಮನಸ್ಸು ಮಾಡಿದರೆ ಮಾತ್ರ ಬರಬೇಕಾ? ದೊಡ್ಡ ಮನಸ್ಸು ಇಲ್ಲದವನ ಟ್ರ್ಯಾಕರ್ ಏನು ಮಾಡಬೇಕು? ನಮಗೆ ಬೇಕಿರೋದು ನಿಯಮ. ದತ್ತಾಂಶ ಯಾರು ಸಂಗ್ರಹಿಸಿದರೋ ಅವರ ಹೆಸರು ಲೇಖಕರ ಸಾಲಿನಲ್ಲಿ, ಕೂಲಿಯಲ್ಲ ಸಂಬಳ, ಸಿಂಹ ಹಿಡಿದರೆ ಮನೆಯವರಿಗೆ ಪೆನ್ಷನ್.

2022ರ ಸೆಪ್ಟೆಂಬರಲ್ಲಿ ನಮೀಬಿಯಾದಿಂದ 8, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ಚೀತಾ ಕುನೋಗೆ ಬಂದವು. ಒಂದೊಂದಕ್ಕೂ ಹೆಸರಿಟ್ಟೆವು, ಪೇಪರಲ್ಲಿ ಹಾಕಿದೆವು. ಆ ಕುನೋದಿಂದ ಮೊದಲು ಸಿಂಹಕ್ಕಾಗಿ ಅಂತ ಎದ್ದುಹೋದ 24 ಹಳ್ಳಿಗಳು, ಅದರಲ್ಲಿದ್ದ ಸಹರಿಯಾ ಆದಿವಾಸಿಗಳು. ಆ ಹಳ್ಳಿಗಳಲ್ಲಿ ಒಂದರ ಹೆಸರನ್ನಾದರೂ ಯಾರಿಗಾದರೂ ಕೇಳಿ ನೋಡಿ. ಸಿಂಹ ಇವತ್ತಿನವರೆಗೂ ಬಂದಿಲ್ಲ.

ಫೋಟೋಗ್ರಾಫರಿಗೆ ಈ ಪೋಸ್ಟ್ ಟ್ಯಾಗ್ ಮಾಡ್ತಿಲ್ಲ, ಹೆಸರೂ ಹಾಕಿಲ್ಲ. ಅವರೊಬ್ಬರದ್ದೇ ತಪ್ಪಲ್ಲ. ಆದರೆ ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ ಅವರ ಹತ್ತಿರ ಹೋಗಿ, "ಸಾರ್, ಸಫಾರಿ ಕಂಪನಿಗೆ ಒಂದು ಇಮೇಲ್ ಹಾಕಿದರೆ ಅವರ ಹೆಸರು ಗೊತ್ತಾಗುತ್ತಲ್ವಾ" ಅಂದೆ. "ಹಾಕ್ತೀನಿ" ಅಂದ್ರು. ಮುಂದಿನ ತಿಂಗಳು ಕಾಲೇಜೊಂದರಲ್ಲಿ ಇದೇ ಸ್ಲೈಡ್ ಶೋ ಇದೆಯಂತೆ. ನಾನು ಹೋಗ್ತೀನಿ, ಮುಂದಿನ ಸಾಲಲ್ಲೇ ಕೂರ್ತೀನಿ. ಬರೋರು ಬನ್ನಿ.

ಇನ್ನೊಂದು. 1997ರ ಮತ್ತು 2018ರ ಎರಡೂ ಲೇಖನಗಳನ್ನು ಕನ್ನಡಕ್ಕೆ ಮಾಡಿ ನಮ್ಮ ಭಾನುವಾರದ ಓದು ಬಳಗದಲ್ಲಿ ಓದೋಣ ಅಂತಿದ್ದೀನಿ. ನನ್ನ ಇಂಗ್ಲಿಷ್ ಅರ್ಧ ದಾರಿಗೆ ನಿಲ್ಲುತ್ತೆ, ಲೆಕ್ಕದ ಭಾಗ ತಲೆಗೆ ಹೋಗ್ತಿಲ್ಲ. ಸ್ಟ್ಯಾಟಿಸ್ಟಿಕ್ಸ್ ಓದಿದ ನಮ್ಮ ಹುಡುಗ ಹುಡುಗಿಯರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಅನುವಾದ ಮಾಡಿದವರ ಹೆಸರು ಮೊದಲ ಪುಟದಲ್ಲೇ ಇರುತ್ತೆ.

ಜೈ ಭೀಮ್.